ಜರ್ಮನಿಯಲ್ಲಿ ಒಂದು ವರ್ಷದ ಸ್ವಯಂಸೇವೆ: ಕೊಡಗಿನಿಂದ ಹೊರಟವರಿಗೆ ದಿನಚರಿ ಮತ್ತು ರಜಾ ಪ್ರವಾಸದ ಮಾರ್ಗದರ್ಶಿ

ರಜೆ ಎಷ್ಟು ದಿನ ಸಿಗುತ್ತದೆ? ಜರ್ಮನಿಯ ವೀಸಾದಲ್ಲೇ ಪ್ಯಾರಿಸ್‌ಗೆ ಹೋಗಬಹುದಾ? ಮನೆಯಲ್ಲಿ ಮಾಡಿದ ಪಂದಿ ಉಪ್ಪಿನಕಾಯಿ ಒಯ್ಯಬಹುದಾ? ಹುತ್ತರಿಗೆ ಬಂದು ಹೋಗೋಕೆ ಆಗುತ್ತಾ? ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಸ್ವಯಂಸೇವೆಗೆ ಹೊರಡುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅವರ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ. ಎಲ್ಲಕ್ಕೂ ಒಟ್ಟಿಗೆ ಉತ್ತರ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುತ್ತಾಟದ ಆಸೆ ತಪ್ಪಲ್ಲ, ಹೋದವರು ಸುತ್ತಲೇಬೇಕು. ಆದರೆ ಮೊದಲ ತಿಂಗಳ ಕಾಗದಪತ್ರ ಸರಿ ಮಾಡಿಕೊಂಡವರು ಮಾತ್ರ ನಿಶ್ಚಿಂತೆಯಿಂದ ಸುತ್ತುತ್ತಾರೆ. ಅದಕ್ಕೇ ಈ ಲೇಖನದಲ್ಲಿ ಪ್ರವಾಸದ ವಿಷಯ ಅರ್ಧ ದಾರಿ ಕಳೆದ ಮೇಲೆ ಬರುತ್ತದೆ.

ಹಂತ 1: ಹೋಗುತ್ತಿರುವುದು ಯಾವುದಕ್ಕೆ ಎಂದು ತಿಳಿದುಕೊಳ್ಳಿ

ಜರ್ಮನಿಯಲ್ಲಿ 2011ರ ಜುಲೈನಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತಿತು. ಆಗ ಶುರುವಾದದ್ದು ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್, ಅಂದರೆ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ. ಎಲ್ಲರೂ ಬಿಎಫ್‌ಡಿ ಎನ್ನುತ್ತಾರೆ. ಇದರ ಜೊತೆಗೆ ಎಫ್‌ಎಸ್‌ಜೆ ಎಂಬ ಇನ್ನೊಂದು ಯೋಜನೆಯಿದೆ, ಅದು 27 ತುಂಬದವರಿಗೆ ಮಾತ್ರ. ಎರಡರಲ್ಲೂ ಸಾಮಾನ್ಯವಾಗಿ 12 ತಿಂಗಳ ಸೇವೆ. ವೃದ್ಧಾಶ್ರಮ, ಶಿಶುವಿಹಾರ, ಅಂಗವಿಕಲರ ಕೇಂದ್ರ, ಆಸ್ಪತ್ರೆ, ಇಂಥ ಕಡೆ ಕೆಲಸ.

ಇದು ನೌಕರಿಯಲ್ಲ. ಕೊಡುವುದು ಸಂಬಳವಲ್ಲ, ಟಾಶೆನ್‌ಗೆಲ್ಟ್, ಅಂದರೆ ಕೈಖರ್ಚಿನ ಹಣ. ಅದಕ್ಕೆ ಕಾನೂನಿನಲ್ಲೇ ಗರಿಷ್ಠ ಮಿತಿಯಿದೆ. 2025ರಲ್ಲಿ ಆ ಮಿತಿ ತಿಂಗಳಿಗೆ 644 ಯೂರೋ ಇತ್ತು. ಎಲ್ಲ ಸಂಸ್ಥೆಗಳೂ ಮಿತಿಯವರೆಗೆ ಕೊಡುವುದಿಲ್ಲ. ಕೆಲವರು ಕೊಠಡಿ ಮತ್ತು ಊಟ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ವಿಷಯ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ: ಕೈಗೆ ಬರುವ ಮೊತ್ತ ಎಷ್ಟು, ಕೊಠಡಿ ಬಾಡಿಗೆ ಯಾರದು, ಊಟ ಎಷ್ಟು ಹೊತ್ತು. ಕೈಗೆ ಬಂದದ್ದರಲ್ಲೇ ಬಾಡಿಗೆಯನ್ನೂ ಕಟ್ಟಬೇಕಾದರೆ ರಜೆಯಲ್ಲಿ ಪಕ್ಕದ ಊರಿಗೆ ಹೋಗುವುದೂ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಜೋರಾಗಿಯೇ ಹೇಳಬೇಕು. “ಸೀಟು ಕೊಡಿಸುತ್ತೇವೆ, ಆಮೇಲೆ ಅಲ್ಲೇ ಕೆಲಸ ಗ್ಯಾರಂಟಿ” ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಕಾಫಿ ಮಾರಿದ ಹಣವನ್ನೋ ತೋಟದ ಮೇಲಿನ ಸಾಲವನ್ನೋ ಇದಕ್ಕೆ ಸುರಿಯುವ ಮನೆಗಳಿವೆ. ಸ್ವಯಂಸೇವೆಯ ಸ್ಥಾನ ಕೊಡುವ ಸಂಸ್ಥೆಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ನ್ಯಾಷನಲ್ ವೀಸಾದ ಶುಲ್ಕ 75 ಯೂರೋ. ಕರ್ನಾಟಕದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಜರ್ಮನ್ ಭಾಷೆಯನ್ನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಅಲ್ಲೇ ಪರೀಕ್ಷೆ ಬರೆಯಬಹುದು. ಏಜೆಂಟರಿಗೆ ಕೊಡುವ ದುಡ್ಡಿನ ಸಣ್ಣ ಪಾಲನ್ನು ಭಾಷೆಗೆ ಹಾಕಿದರೂ ಇಡೀ ವರ್ಷ ಉಪಯೋಗಕ್ಕೆ ಬರುತ್ತದೆ.

ಹಂತ 2: ಪೆಟ್ಟಿಗೆ ಕಟ್ಟುವಾಗ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಹೊರದೇಶದ ಪ್ರಯಾಣಿಕರು ಮಾಂಸದ ಪದಾರ್ಥ, ಹಾಲಿನ ಪದಾರ್ಥ ತರುವಂತಿಲ್ಲ. ಪಂದಿ ಉಪ್ಪಿನಕಾಯಿ, ಒಣಗಿಸಿದ ಮಾಂಸ, ತುಪ್ಪ, ಹಾಲಿನ ಸಿಹಿ ಯಾವುದೂ ಬೇಡ. ಎಷ್ಟೇ ಗಟ್ಟಿಯಾಗಿ ಪ್ಯಾಕ್ ಮಾಡಿದ್ದರೂ ಸಿಕ್ಕಿಬಿದ್ದರೆ ತೆಗೆದು ಎಸೆಯುತ್ತಾರೆ, ದಂಡವೂ ಬೀಳಬಹುದು. ಅಮ್ಮಂದಿರು ಬೇಸರ ಮಾಡಿಕೊಳ್ಳಬಾರದು. ಹಂದಿಮಾಂಸಕ್ಕೆ ಜರ್ಮನಿಯಲ್ಲಿ ಬರವಿಲ್ಲ. ಹುರಿದು ಪುಡಿ ಮಾಡಿದ ಮಸಾಲೆ ಮತ್ತು ಕಾಚಂಪುಳಿ ಕೊಟ್ಟು ಕಳಿಸಿ, ಪಂದಿಕರಿಯನ್ನು ಮಕ್ಕಳು ಅಲ್ಲೇ ಮಾಡಿಕೊಳ್ಳುತ್ತಾರೆ. ಕಾಚಂಪುಳಿಯ ಸೀಸೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಟ್ಟೆಗಳ ನಡುವೆ ನಿಲ್ಲಿಸಿಡಿ. ಆ ಕಪ್ಪು ರಸ ಅಂಗಿಗೆ ತಾಗಿದರೆ ಹೋಗುವುದಿಲ್ಲ.

ಜೇನು ಒಬ್ಬರಿಗೆ 2 ಕಿಲೋವರೆಗೆ ಒಯ್ಯಬಹುದು. ಒಣ ಕರಿಮೆಣಸು, ಏಲಕ್ಕಿಗೆ ತೊಂದರೆಯಿಲ್ಲ. ತಾಜಾ ಹಣ್ಣು, ಸೊಪ್ಪು, ಗಿಡಗಳ ಕಥೆ ಬೇರೆ: ಕೊಡಗಿನ ಕಿತ್ತಳೆ, ಹಸಿ ಕರಿಬೇವು, ಹಸಿಮೆಣಸಿನಕಾಯಿ, ವೀಳ್ಯದೆಲೆ, ಕಾಫಿ ಸಸಿ ಇವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಡದ ಹಣ್ಣುಗಳೆಂದರೆ ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ ಮತ್ತು ದುರಿಯನ್ ಮಾತ್ರ.

ಸಾಂಸ್ಕೃತಿಕ ಕಾರ್ಯಕ್ರಮಕ್ಕೆಂದು ಕುಪ್ಯ ಚೇಲೆ ಒಯ್ಯುವ ಹುಡುಗರು ಪೀಚೆಕತ್ತಿಯನ್ನೂ ಜೊತೆಗಿಡುತ್ತಾರೆ. ದಯವಿಟ್ಟು ಅದನ್ನು ಮನೆಯಲ್ಲೇ ಬಿಡಿ. ವಿಮಾನದ ಕೈಚೀಲದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಪೆಟ್ಟಿಗೆಯಲ್ಲಿಟ್ಟು ತಲುಪಿಸಿದರೂ, 12 ಸೆಂಟಿಮೀಟರ್‌ಗಿಂತ ಉದ್ದದ ಅಲಗಿನ ಚೂರಿಯನ್ನು ಸಾರ್ವಜನಿಕ ಸ್ಥಳದಲ್ಲಿ ಹೊಂದಿರುವುದಕ್ಕೆ ಜರ್ಮನಿಯ ಶಸ್ತ್ರಾಸ್ತ್ರ ಕಾನೂನಿನಲ್ಲಿ ಕಟ್ಟುನಿಟ್ಟಾದ ನಿರ್ಬಂಧವಿದೆ. 2024ರಲ್ಲಿ ಜಾತ್ರೆ, ಉತ್ಸವಗಳ ಜಾಗಕ್ಕೆ ನಿಯಮ ಇನ್ನೂ ಬಿಗಿಯಾಯಿತು. ಚೇಲೆ ಮಾತ್ರ ಕಟ್ಟಿಕೊಂಡರೂ ಉಡುಪು ಚೆನ್ನಾಗಿಯೇ ಕಾಣುತ್ತದೆ.

ಬಟ್ಟೆಯ ವಿಷಯದಲ್ಲಿ “ನಮಗೆ ಚಳಿ ಗೊತ್ತು” ಎಂಬ ಧೈರ್ಯ ಬೇಡ. ಮಡಿಕೇರಿಯ ಚಳಿ ಸ್ವೆಟರಿನಲ್ಲಿ ಕಳೆಯುತ್ತದೆ. ಅಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆದರೆ ದಪ್ಪ ಜಾಕೆಟ್ ಇಲ್ಲಿಂದ ಹೊರಬೇಡಿ, ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಮಳೆಗಾಲದ ಒಳ್ಳೆಯ ರೇನ್‌ಕೋಟ್ ಇದ್ದರೆ ಮಾತ್ರ ತಪ್ಪದೆ ಒಯ್ಯಿರಿ.

ಹಂತ 3: ಮನೆಯಿಂದ ವಿಮಾನದವರೆಗೆ

ಸೇವೆ ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ, ನಮ್ಮಲ್ಲಿ ಅದೇ ಮಳೆಗಾಲ. ಜಿಲ್ಲೆಗೆ ರೈಲಿಲ್ಲ, ಇರುವುದು ರಸ್ತೆ ಮಾತ್ರ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೊಳೆ ರಸ್ತೆಗೆ ಬರುವುದು ಹೊಸದಲ್ಲ. ಬೆಂಗಳೂರಿನಿಂದ ವಿಮಾನವಿದ್ದರೆ ಹಿಂದಿನ ದಿನವೇ ಮೈಸೂರು ದಾಟಿರಿ. ಹೊರಡುವ ಮುನ್ನ ನಿಮ್ಮ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಳ್ಳಿ. ಇಲ್ಲವಾದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ.

ಹಂತ 4: ಮೊದಲ ಹದಿನೈದು ದಿನ

ಇಲ್ಲಿ ಹೇಳಿದ ಕ್ರಮದಲ್ಲೇ ಮಾಡಿ, ಒಂದರ ಕಾಗದ ಇನ್ನೊಂದಕ್ಕೆ ಬೇಕಾಗುತ್ತದೆ.

ಮೊದಲು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಬಂದು ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು. ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಇದ್ದರೆ ಸಾಕು ಎಂದು ಹೋಗಿ ಬರಿಗೈಯಲ್ಲಿ ವಾಪಸ್ ಬರುವವರು ತುಂಬಾ ಜನ. ದೊಡ್ಡ ನಗರಗಳಲ್ಲಿ ಸಮಯ ಮುಂಚಿತವಾಗಿ ಗೊತ್ತುಮಾಡಬೇಕಾಗುತ್ತದೆ. ಅದನ್ನು ಕೊಡಗಿನಲ್ಲಿರುವಾಗಲೇ ಸಂಸ್ಥೆಯವರಿಂದ ಮಾಡಿಸಿಕೊಳ್ಳಿ. ನೋಂದಣಿಯ ಚೀಟಿ ಕೈಗೆ ಬಂದ ಕೂಡಲೇ ಫೋನಿನಲ್ಲಿ ಅದರ ಫೋಟೋ ತೆಗೆದಿಡಿ.

ಆಮೇಲೆ ಬ್ಯಾಂಕ್ ಖಾತೆ ಮತ್ತು ಆರೋಗ್ಯ ವಿಮೆ. ವಿಮೆಯ ಕಂತನ್ನು ಸಂಸ್ಥೆಯೇ ಕಟ್ಟುತ್ತದೆ, ನಿಮಗೆ ಫೋಟೋ ಇರುವ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿದ್ದೀರಾ ನೋಡಿಕೊಳ್ಳಿ. ಹೆಸರಿಲ್ಲದಿದ್ದರೆ ಅಂಚೆಯವರು ಪತ್ರವನ್ನು ಹಿಂದಕ್ಕೆ ಒಯ್ಯುತ್ತಾರೆ. ಮನೆತನದ ಹೆಸರು ಮುಂದೆಯೋ ಹಿಂದೆಯೋ ಎಂಬ ಗೊಂದಲ ನಮ್ಮವರಿಗೆ ಇದ್ದೇ ಇದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಯಿರಿ.

ಮೂರನೆಯದು ವಾಸದ ಪರವಾನಗಿ. ನಿಮ್ಮ ಡಿ ವೀಸಾದ, ಅಂದರೆ ಮೊದಲು ಹೇಳಿದ ನ್ಯಾಷನಲ್ ವೀಸಾದ, ಕೊನೆಯ ದಿನಾಂಕ ನೋಡಿ. ಅದು ಸೇವೆ ಮುಗಿಯುವ ಮೊದಲೇ ತೀರುವಂತಿದ್ದರೆ, ತೀರುವ ಮುನ್ನವೇ ಆಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಗೆ ಅರ್ಜಿ ಹಾಕಬೇಕು. ಕಾರ್ಡ್ ಬರುವುದು ತಡವಾದರೆ ಫಿಕ್ಷನ್ಸ್‌ಬೆಷೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರಲ್ಲಿ ಬೇರೆ ಬೇರೆ ಬಗೆಗಳಿವೆ. ಒಂದು ಬಗೆಯದಿದ್ದರೆ ಹೊರಹೋಗಿ ಮತ್ತೆ ಒಳಬರಬಹುದು, ಇನ್ನೊಂದರಲ್ಲಿ ಬರಲಾಗುವುದಿಲ್ಲ. “ಇದನ್ನಿಟ್ಟುಕೊಂಡು ಪ್ರಯಾಣ ಮಾಡಬಹುದಾ?” ಎಂದು ಕೌಂಟರಿನಲ್ಲೇ ಕೇಳಿ, ಉತ್ತರ ಸಿಗುವವರೆಗೆ ಟಿಕೆಟ್ ಕೊಳ್ಳಬೇಡಿ.

ಹಂತ 5: ದಿನಚರಿಗೆ ಹೊಂದಿಕೊಳ್ಳುವುದು

ವೃದ್ಧಾಶ್ರಮದ ಬೆಳಗಿನ ಪಾಳಿ ಆರೂವರೆ, ಏಳಕ್ಕೆಲ್ಲ ಶುರುವಾಗುತ್ತದೆ. ಏಳು ಅಂದರೆ ಏಳಕ್ಕೆ ಸಮವಸ್ತ್ರ ಹಾಕಿ ನಿಂತಿರಬೇಕು, ಏಳಕ್ಕೆ ಗೇಟಿನೊಳಗೆ ಬರುವುದಲ್ಲ. ನಿಮ್ಮ ಪಾಲಿಗೆ ಬರುವುದು ತಿಂಡಿಯ ಗಾಡಿ ತಳ್ಳುವುದು, ಬ್ರೆಡ್ಡಿಗೆ ಬೆಣ್ಣೆ ಸವರಿ ಅಂಚು ಕತ್ತರಿಸಿ ಕೊಡುವುದು, ಕೈ ನಡುಗುವವರಿಗೆ ಲೋಟ ಹಿಡಿಯುವುದು, ಗಾಲಿಕುರ್ಚಿಯಲ್ಲಿ ತೋಟಕ್ಕೆ ಕರೆದೊಯ್ಯುವುದು. ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಬೆಳೆದ ಕೊಡಗಿನ ಮಕ್ಕಳಿಗೆ ಈ ಕೆಲಸ ಒಗ್ಗುತ್ತದೆ, ನಾನು ಕಂಡ ಮಟ್ಟಿಗೆ ಬೇಗ ಒಗ್ಗುತ್ತದೆ. ಆದರೆ ಮಾತ್ರೆ ಕೊಡುವುದು, ಇಂಜೆಕ್ಷನ್ ಹಾಕುವುದು, ಇಡೀ ವಾರ್ಡನ್ನು ಒಬ್ಬರೇ ನೋಡಿಕೊಳ್ಳುವುದು ಸ್ವಯಂಸೇವಕರ ಕೆಲಸವಲ್ಲ. ಯಾರಾದರೂ ಹೇಳಿದರೆ ಮರ್ಯಾದೆಯಿಂದಲೇ ಬೇಡವೆನ್ನಿ, ನಿಮಗೆ ನೇಮಿಸಿರುವ ಮಾರ್ಗದರ್ಶಕರಿಗೆ ಅದೇ ದಿನ ತಿಳಿಸಿ. ಹೆದರಿ ಸುಮ್ಮನಿದ್ದರೆ ನಾಳೆಯೂ ನಿಮಗೇ ಹೇಳುತ್ತಾರೆ.

ಹುಷಾರಿಲ್ಲದಿದ್ದರೆ ಪಾಳಿ ಶುರುವಾಗುವ ಮುನ್ನವೇ ಫೋನ್ ಮಾಡಿ. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕೆಲವು ಸಂಸ್ಥೆಗಳು ಮೊದಲ ದಿನವೇ ಕೇಳುತ್ತವೆ. ತುರ್ತಲ್ಲದ ತೊಂದರೆಗೆ ರಾತ್ರಿ ಮತ್ತು ವಾರಾಂತ್ಯದಲ್ಲಿ 116117, ಜೀವಕ್ಕೆ ಅಪಾಯವಿದ್ದರೆ 112, ಪೊಲೀಸರಿಗೆ 110.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಕ್ಕಿ, ಮೊಟ್ಟೆ, ತರಕಾರಿ ಶನಿವಾರವೇ ತಂದಿಡಿ. ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್ ತೆರೆದಿರುತ್ತವೆ, ಬೆಲೆ ಮಾತ್ರ ಜಾಸ್ತಿ. ನಲ್ಲಿ ನೀರನ್ನೇ ಕುಡಿಯಬಹುದು. ಬಾಟಲಿ ಪಾನೀಯ ಕೊಂಡರೆ ಪ್ಫಾಂಡ್ ಎಂಬ ಠೇವಣಿ ಸೇರಿರುತ್ತದೆ. ಒಮ್ಮೆ ಬಳಸಿ ಬಿಡುವ ಬಾಟಲಿಗೆ ಅದು 25 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸ್. ಕಸವನ್ನು ಕಾಗದ, ಹಸಿ, ಪ್ಯಾಕಿಂಗ್, ಉಳಿದದ್ದು ಎಂದು ಬೇರೆ ಮಾಡಬೇಕು, ಗಾಜಿಗೆ ಬೀದಿಯಲ್ಲಿ ಪ್ರತ್ಯೇಕ ಡಬ್ಬವಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಮನೆಗೆ ಜೋರಾಗಿ ವಿಡಿಯೋ ಕಾಲ್ ಮಾಡುವುದೂ ಸದ್ದೇ.

ಮನೆಯವರಿಗೆ ಕರೆ ಮಾಡಲು ವಾರಕ್ಕೊಂದು ಹೊತ್ತು ನಿಗದಿ ಮಾಡಿ. ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮೂರೂವರೆ ಗಂಟೆ. ಜುಲೈ ಮಳೆಯಲ್ಲಿ ಕೊಡಗಿನ ಒಳಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ದಿನಗಟ್ಟಲೆ ಇರುವುದಿಲ್ಲ. ಪೇಟೆಯಲ್ಲಿರುವ ಒಬ್ಬ ನೆಂಟರ ನಂಬರ್ ಇಟ್ಟುಕೊಂಡಿದ್ದರೆ ದೂರದಲ್ಲಿ ಕೂತು ಗಾಬರಿಪಡುವುದು ತಪ್ಪುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಅದು ಮನಸ್ಸನ್ನು ಕುಗ್ಗಿಸುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಡುವಿನ ದಿನ ಬೆಳಕಿರುವಾಗಲೇ ಹೊರಗೆ ನಡೆಯಿರಿ. ಊರಿನ ಹಾಕಿ ಕ್ಲಬ್ಬಿಗೆ ಸೇರಿ, ಕೊಡಗಿನವರಿಗೆ ಇದಕ್ಕಿಂತ ಸುಲಭದ ಪರಿಚಯಪತ್ರ ಬೇರಿಲ್ಲ. ಜರ್ಮನರಿಗೂ ಹಾಕಿ ಹುಚ್ಚಿದೆ.

ಹಂತ 6: ರಜೆಯ ಲೆಕ್ಕ

ವಾರಕ್ಕೆ ಐದು ದಿನದ ಕೆಲಸವಿದ್ದರೆ 12 ತಿಂಗಳಿಗೆ ಕನಿಷ್ಠ 20 ದಿನ ರಜೆ ಕಾನೂನಿನಲ್ಲಿದೆ. ಕೆಲವು ಸಂಸ್ಥೆಗಳು ಹೆಚ್ಚು ಕೊಡುತ್ತವೆ. ಇದರ ಹೊರತಾಗಿ 27 ತುಂಬದವರಿಗೆ ವರ್ಷಕ್ಕೆ 25 ದಿನಗಳ ಸೆಮಿನಾರ್ ಕಡ್ಡಾಯ. ಅದು ರಜೆಯಲ್ಲ, ಆ ದಿನಗಳಲ್ಲಿ ರಜೆ ಕೇಳುವಂತೆಯೂ ಇಲ್ಲ. ಆದ್ದರಿಂದ ಮೊದಲು ಸೆಮಿನಾರ್ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆಮೇಲೆ ಉಳಿದದ್ದು.

ಶಾಲಾ ರಜೆಯಲ್ಲಿ ಮಕ್ಕಳಿರುವ ಸಿಬ್ಬಂದಿಗೆ ಸಾಮಾನ್ಯವಾಗಿ ಮೊದಲ ಆದ್ಯತೆ. ಆಗ ಜಗಳಕ್ಕಿಳಿಯುವ ಬದಲು ಬ್ರ್ಯೂಕೆನ್‌ಟಾಗ್ ಹುಡುಕಿ. ಹಬ್ಬದ ರಜೆಗೂ ವಾರಾಂತ್ಯಕ್ಕೂ ನಡುವೆ ಸಿಗುವ ಒಂಟಿ ದಿನಕ್ಕೆ ಈ ಹೆಸರು. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ಪ್ರತಿ ವರ್ಷ ಗುರುವಾರವೇ ಬರುತ್ತದೆ, ಶುಕ್ರವಾರ ಒಂದು ದಿನ ಹಾಕಿದರೆ ನಾಲ್ಕು ದಿನ ಸಿಕ್ಕಿತು. ಇದಕ್ಕೆ ಎಲ್ಲರೂ ಕಾದಿರುತ್ತಾರೆ, ಹಾಗಾಗಿ ಜನವರಿಯಲ್ಲೇ ಬರೆದು ಕೊಡಿ. ಪ್ರವಾಸದ ನಡುವೆ ಕಾಯಿಲೆಬಿದ್ದರೆ ವೈದ್ಯರ ಪತ್ರ ತನ್ನಿ, ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ.

ಹಂತ 7: ಗಡಿ ದಾಟುವ ಮುನ್ನ

ಜರ್ಮನಿಯ ಡಿ ವೀಸಾ ಅಥವಾ ವಾಸದ ಪರವಾನಗಿ ಚಾಲ್ತಿಯಲ್ಲಿದ್ದರೆ ಷೆಂಗೆನ್ ಒಪ್ಪಂದದ ಉಳಿದ ದೇಶಗಳಿಗೆ ಬೇರೆ ವೀಸಾ ಬೇಡ. ಅಲ್ಲೆಲ್ಲ ಸೇರಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಜರ್ಮನಿಯಲ್ಲಿ ಕಳೆದ ದಿನಗಳು ಇದರಲ್ಲಿ ಸೇರುವುದಿಲ್ಲ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಸರಿ. ಕ್ರೊಯೇಷಿಯಾ 2023ರಲ್ಲಿ ಸೇರಿತು, ರುಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಪೂರ್ಣವಾಗಿ ಒಳಗಿವೆ. ಬ್ರಿಟನ್, ಐರ್ಲೆಂಡ್, ಸೈಪ್ರಸ್ ಇದರಲ್ಲಿಲ್ಲ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆಯಲ್ಲ ಎಂದು ಅಗ್ಗದ ಟಿಕೆಟ್ ಕೊಂಡು ವಿಮಾನ ನಿಲ್ದಾಣದಿಂದಲೇ ಹಿಂದಿರುಗಿದವರಿದ್ದಾರೆ.

ಗಡಿಯಲ್ಲಿ ತಪಾಸಣೆಯೇ ಇಲ್ಲ ಎಂದು ನಂಬಿ ಪಾಸ್‌ಪೋರ್ಟ್ ಕೊಠಡಿಯಲ್ಲಿ ಬಿಡಬೇಡಿ. ರೈಲು, ಬಸ್ಸಿನಲ್ಲಿ ಪೊಲೀಸರು ಹತ್ತಿ ನೋಡುತ್ತಾರೆ, ಜೆರಾಕ್ಸ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿ. ಜರ್ಮನಿಯಲ್ಲಿ ಬರ್ಲಿನ್‌ನಲ್ಲಿ ರಾಯಭಾರ ಕಚೇರಿ, ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟ್‌ಗಳಿವೆ.

ತುಂಬಾ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ನಿಮ್ಮ ವಿಮೆ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡ್. ಒಕ್ಕೂಟದ ದೇಶಗಳಲ್ಲಿ ತುರ್ತು ಚಿಕಿತ್ಸೆಗೆ ಅದು ನಡೆಯುತ್ತದೆ. ಆದರೆ ಭಾರತೀಯರಂಥ ಹೊರದೇಶದ ಪ್ರಜೆಗಳಿಗೆ ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ನಡೆಯುವುದಿಲ್ಲ. ಆಲ್ಪ್ಸ್ ಬೆಟ್ಟದಲ್ಲಿ ಕಾಲು ಮುರಿದುಕೊಂಡು ಸ್ವಿಸ್ ಆಸ್ಪತ್ರೆಯ ಬಿಲ್ ಕಟ್ಟುವುದು ಯಾರಿಗೂ ಬೇಡ. ಈ ಐದು ದೇಶಗಳಿಗೆ ಪ್ರವಾಸ ವಿಮೆ ಮಾಡಿಸಿಯೇ ಹೋಗಿ. ಒಕ್ಕೂಟದೊಳಗೆ 2017ರಿಂದ ಮೊಬೈಲ್ ರೋಮಿಂಗ್‌ಗೆ ಹೆಚ್ಚುವರಿ ದರವಿಲ್ಲ, ಸ್ವಿಟ್ಜರ್ಲೆಂಡ್ ಅದರಲ್ಲೂ ಹೊರಗೆ. ಗಡಿ ಹತ್ತಿರ ಬಂದಾಗ ಡೇಟಾ ಆಫ್ ಮಾಡಿ.

ಹಂತ 8: ಕಡಿಮೆ ಖರ್ಚಿನಲ್ಲಿ ತಿರುಗಾಟ

ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ಮಾಸಿಕ ಪಾಸ್ ಇದ್ದರೆ ದೇಶದ ಎಲ್ಲ ಸಿಟಿ ಬಸ್, ಟ್ರಾಮ್, ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದೆ. ಕೆಲವು ರಾಜ್ಯಗಳಲ್ಲಿ ಸ್ವಯಂಸೇವಕರಿಗೆ ರಿಯಾಯಿತಿಯಿದೆ, ಸಂಸ್ಥೆಯಲ್ಲಿ ಕೇಳಿ. ಐಸಿಇ, ಐಸಿ ಎಂಬ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ಹತ್ತಿದರೆ ದಂಡ. ಇದು ಚಂದಾ ಪದ್ಧತಿಯದು, ಬೇಡವೆಂದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು, ತಪ್ಪಿದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ.

ದೂರಕ್ಕೆ ರಾತ್ರಿ ಬಸ್ ಅಗ್ಗ. ವೇಗದ ರೈಲಿಗೆ ಮೊದಲೇ ಕೊಂಡರೆ ರಿಯಾಯಿತಿ ದರ ಸಿಗುತ್ತದೆ, ಆದರೆ ಅದೇ ರೈಲಿಗೆ ಹೋಗಬೇಕು. ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದರದ ಶೇಕಡಾ 25, ಎರಡು ಗಂಟೆಯಾದರೆ ಶೇಕಡಾ 50 ವಾಪಸ್ ಕೇಳಬಹುದು. ನಾಚಿಕೆ ಬೇಡ, ಕೇಳಿ. ವಾಸಕ್ಕೆ ಯೂತ್ ಹಾಸ್ಟೆಲ್, ಇಲ್ಲವೇ ಸೆಮಿನಾರ್‌ನಲ್ಲಿ ಪರಿಚಯವಾದ ಬೇರೆ ಊರಿನ ಸ್ವಯಂಸೇವಕರ ಕೊಠಡಿ. ಎರಡನೆಯದೇ ನನಗೆ ಇಷ್ಟ. ನೀವು ಒಮ್ಮೆ ಕಡುಂಬುಟ್ಟು ಮಾಡಿ ಬಡಿಸಿದರೆ ಮುಂದಿನ ಸಲ ಅವರೇ ಕರೆಯುತ್ತಾರೆ.

ಹಂತ 9: ಹುತ್ತರಿಗೆ ಬರಬೇಕೆಂದಿದ್ದರೆ

ಹುತ್ತರಿಯ ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗಿ ಪ್ರಕಟವಾಗುವ ಹೊತ್ತಿಗೆ ವಿಮಾನದ ದರ ಏರಿರುತ್ತದೆ. ಪಂಚಾಂಗದಲ್ಲಿ ನವೆಂಬರ್–ಡಿಸೆಂಬರ್‌ನ ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡಿ ಅಂದಾಜು ಮಾಡಿ, ಎರಡು ಕಡೆಗೂ ಮೂರು ನಾಲ್ಕು ದಿನ ಬಿಟ್ಟು ರಜೆ ಕೇಳಿ. ಇಪ್ಪತ್ತು ದಿನದಲ್ಲಿ ಹತ್ತು ಇದಕ್ಕೇ ಹೋಗುತ್ತದೆ, ಯುರೋಪ್ ಸುತ್ತಾಟಕ್ಕೆ ಅರ್ಧವೇ ಉಳಿಯುತ್ತದೆ. ಒಂದೇ ವರ್ಷದ ಸೇವೆಯಾದರೆ ಬರಬೇಡಿ ಎಂಬುದೇ ನನ್ನ ಸಲಹೆ. ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲದಿದ್ದರೆ ಮಾತ್ರ ಬೇರೆ ಯೋಚನೆ ಬೇಡ, ಹೊರಟು ಬನ್ನಿ.

ಹಂತ 10: ಕೊನೆಯ ತಿಂಗಳು

ಹೆಚ್ಚಿನವರು ದೊಡ್ಡ ಪ್ರವಾಸವನ್ನು ಸೇವೆ ಮುಗಿದ ಮೇಲೆ ಇಟ್ಟುಕೊಳ್ಳುತ್ತಾರೆ. ಆಗ ಎರಡು ದಿನಾಂಕ ನೋಡಿ: ಪರವಾನಗಿ ಎಂದು ತೀರುತ್ತದೆ, ವಿಮೆ ಎಂದು ತೀರುತ್ತದೆ. ಪರವಾನಗಿ ಇನ್ನೂ ಚಾಲ್ತಿಯಲ್ಲಿದ್ದರೂ ಸಂಸ್ಥೆ ಕಟ್ಟುವ ಆರೋಗ್ಯ ವಿಮೆ ಸೇವೆಯ ಕೊನೆಯ ದಿನಕ್ಕೇ ನಿಲ್ಲುತ್ತದೆ. ಮರುದಿನದಿಂದ ಪ್ರವಾಸ ವಿಮೆ ಇರಲೇಬೇಕು.

ದೇಶ ಬಿಡುವ ವಾರದಲ್ಲಿ ಆಬ್‌ಮೆಲ್ಡುಂಗ್, ಅಂದರೆ ವಿಳಾಸ ರದ್ದತಿ ಮಾಡಿಸಿ. ಫೋನ್, ಪಾಸ್‌ಗಳ ಚಂದಾ ನಿಲ್ಲಿಸಿ. ಬ್ಯಾಂಕ್ ಖಾತೆಯನ್ನು ಕೊನೆಗೆ ಮುಚ್ಚಿ, ಕೊಠಡಿಯ ಠೇವಣಿ ವಾಪಸ್ ಬರುವುದು ಅದಕ್ಕೇ. ಸೇವೆಯ ಪ್ರಮಾಣಪತ್ರದ ಜೊತೆಗೆ ನೀವು ಏನೇನು ಕೆಲಸ ಮಾಡಿದಿರಿ, ಹೇಗೆ ಮಾಡಿದಿರಿ ಎಂದು ವಿವರವಾಗಿ ಬರೆದ ತ್ಸೋಯಿಗ್ನಿಸ್ ಕೇಳಿ ಪಡೆಯಿರಿ. ಮುಂದೆ ನರ್ಸಿಂಗ್ ಓದಲಿ, ಬೇರೆ ಕೆಲಸ ಹುಡುಕಲಿ, ಕೇಳುವುದು ಅದನ್ನೇ. ಅದಕ್ಕೆ ಸಹಿ ಮಾಡಬೇಕಾದವರು ಬೇಸಿಗೆ ರಜೆಗೆ ಹೊರಡುವ ಮುನ್ನವೇ ನೆನಪಿಸಿ.